ಮುಕ್ಕಾಲು ಕಿಲೋಮೀಟರ್

ಗಂಡ ಮನೆಗೆ ಬಾರದೆ ಒಂದು ರಾತ್ರಿ ಕಳೆದಿತ್ತು. ಸೋಮವಾರ ಬೆಳಗಾದಾಗ ಸೆಲೀನಳ ಕೈಯಲ್ಲಿ ಇದ್ದದ್ದು ಒಂದೇ ಒಂದು ಹಾಳೆ, ಆ ಹಾಳೆಯ ತುಂಬ ಒಗಟು. ಹೇಳಿ, ಇಂಥ ಸ್ಥಿತಿ ಯಾವ ಹೆಂಗಸಿಗೆ ಬಂದೀತು? ಗಂಡ ಕುಡಿಯುವವನಾದರೆ ಗಡಂಗು ಗಡಂಗು ಹುಡುಕಬಹುದು. ಜಗಳ ಮಾಡಿ ಹೊರಟವನಾದರೆ ನೆಂಟರ ಮನೆಗಳಿಗೆ ಫೋನು ಮಾಡಬಹುದು. ವಿಲ್ಫ್ರೆಡ್ ಮಥಾಯಸ್ ಎರಡೂ ಜಾತಿಯವನಲ್ಲ. ಅವನು ಡಬ್ಬಿ ಹುಡುಕಲು ಹೋಗಿದ್ದ.

ಕುವೈತಿನಲ್ಲಿ ಇಪ್ಪತ್ತೆರಡು ವರ್ಷ ಸರ್ವೆ ಕೆಲಸ ಮಾಡಿದ ಮನುಷ್ಯ. ಮೂರು ಕಾಲಿನ ಥಿಯೋಡೊಲೈಟಿಗೆ ಕಣ್ಣಿಟ್ಟು, ಕೋನ ಅಳೆದು, ಪುಸ್ತಕಕ್ಕೆ ಇಳಿಸುವುದೇ ಅವನ ಬದುಕಾಗಿತ್ತು. 2004ರಲ್ಲಿ ಊರಿಗೆ ಬಂದು ಶಂಕರಪುರದಲ್ಲಿ ಕೂತ. ಕೂತ ಅಂದರೆ ಕೂತೇಬಿಟ್ಟ. ಮಲ್ಲಿಗೆ ತೋಟ ಸೆಲೀನಳದ್ದು. ಅವನು ಮೊಗ್ಗು ಕೊಯ್ಯಲು ಬಂದರೆ ಅರ್ಧ ಗಿಡದಲ್ಲಿ, ಅರ್ಧ ನೆಲದಲ್ಲಿ. "ನೀವು ಒಂದು ಕಡೆ ಕೂತುಕೊಳ್ಳಿ ಮಾರಾಯ್ರೆ, ನಿಮ್ಮ ಉಪಕಾರ ಬೇಡ" ಎಂದು ಅವಳೇ ಅಟ್ಟುತ್ತಿದ್ದಳು. ಹಾಗೆ ಅಟ್ಟಿಸಿಕೊಂಡವನು ಮಣಿಪಾಲದ ಒಂದು ಸೈಬರ್ ಸೆಂಟರಿನಲ್ಲಿ ಈ ಆಟ ಕಂಡುಹಿಡಿದ.

ಆಟ ಇಷ್ಟೇ. ಯಾರೋ ಒಬ್ಬ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾನೆ. ಇನ್ನೊಬ್ಬ ಜಿಪಿಎಸ್ ಹಿಡಿದು ಹೋಗಿ ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಅಲ್ಲೇ ಇಟ್ಟು ಬರುತ್ತಾನೆ. ಕೆಲವು ಡಬ್ಬಿಗಳಿಗೆ ಜಾಗದ ಅಂಕಿ ನೇರ ಕೊಡುವುದಿಲ್ಲ. ಒಗಟು ಬಿಡಿಸಿದರೆ ಮಾತ್ರ ಅಂಕಿ ಸಿಗುತ್ತದೆ. ವಿಲ್ಫ್ರೆಡ್ ನೇರದ್ದು ಮೂರು ಹುಡುಕಿದ್ದ. ಒಗಟಿನದ್ದು ಇದೇ ಮೊದಲು. ಐವತ್ತೆಂಟರ ಗಂಡಸಿಗೆ ಆ ಎರಡು ವಾರ ಮುಖದಲ್ಲಿ ಬಂದಿದ್ದ ಕಳೆ ನೋಡಬೇಕಿತ್ತು! ಸೆಲೀನಳಿಗೆ ಸಿಟ್ಟೂ ಬರುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಭಾನುವಾರ ಪೂಜೆ ಮುಗಿಸಿ ಬಂದವನೇ ಚೀಲ ಹೆಗಲಿಗೆ ಹಾಕಿದ. "ಲೆಕ್ಕ ಸಿಕ್ಕಿತು ಸೆಲೀನ್. ಊಟಕ್ಕೆ ಬರುತ್ತೇನೆ."

"ಎಲ್ಲಿಗೆ?"

"ಅದನ್ನು ಹೇಳಿದರೆ ಆಟ ಎಂತದ್ದು?" ಎಂದು ನಕ್ಕು ಬಸ್ಸು ಹತ್ತಿದ. ಊಟಕ್ಕೆ ಬರಲಿಲ್ಲ. ಚಹಾಕ್ಕೆ ಬರಲಿಲ್ಲ. ಮೊಬೈಲಿಗೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಹೆಂಗಸಿನ ದನಿ. ಠಾಣೆಯಲ್ಲಿ ಬರೆದುಕೊಳ್ಳುವವರು ಯಾವ ಕಡೆ ಹೋದದ್ದು ಎಂದು ಕೇಳಿದಾಗ ಸೆಲೀನ್ ಆ ಹಾಳೆ ಮುಂದೆ ಹಿಡಿದಳು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೊದಲು ಇದನ್ನು ಬಿಡಿಸಿಕೊಂಡು ಬನ್ನಿ ಬಾಯಮ್ಮ" ಎಂದರು. ಕುಚೋದ್ಯವಲ್ಲ, ಪಾಪ. ಅವರಾದರೂ ಎಲ್ಲಿ ಅಂತ ಹುಡುಕಬೇಕು?

ಹಾಗಾಗಿ ಸೋಮವಾರ ಎಂಟೂವರೆಗೆ ಸೆಲೀನ್ ಮಣಿಪಾಲದ ಸೈಬರಿನ ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದಳು. ಜೊತೆಗೆ ಮೈದುನ ಸ್ಟ್ಯಾನಿಸ್ಲಾಸ್. ಅವನದ್ದು ಮಲ್ಪೆಯಲ್ಲಿ ಒಂದು ಬೋಟು. ಬೋಟಿನ ಕೈಜಿಪಿಎಸ್ಸನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಸೈಬರ್ ನೋಡಿಕೊಳ್ಳುವ ಭವ್ಯಶ್ರೀ ಬೀಗ ತೆಗೆಯುತ್ತಲೇ ಹಾಳೆಯ ಗುರುತು ಹಿಡಿದಳು. ಪ್ರಿಂಟು ತೆಗೆದುಕೊಟ್ಟವಳು ಅವಳೇ.

"ಅಂಕಲ್ ಎರಡು ವಾರ ಇದರ ಹಿಂದೆಯೇ ಇದ್ದರು ಆಂಟಿ. ಉತ್ತರ ಮಾತ್ರ ನನಗೂ ಹೇಳಲಿಲ್ಲ. ಅವರದ್ದೊಂದು ಸಣ್ಣ ಪುಸ್ತಕ ಉಂಟು, ಅದರಲ್ಲಿ ಬರೆಯುತ್ತಿದ್ದರು."

"ಆ ಪುಸ್ತಕ ಅವರ ಕಿಸೆಯಲ್ಲಿ ಉಂಟು" ಎಂದಳು ಸೆಲೀನ್.

ಡಬ್ಬಿ ಇಟ್ಟವನಿಗೆ ಭವ್ಯಶ್ರೀ ಮೇಲ್ ಕಳಿಸಿದಳು. ಅವನು ಹೊರದೇಶದ ವಿದ್ಯಾರ್ಥಿ, ಓದು ಮುಗಿಸಿ ಹೋಗಿ ವರ್ಷವಾಗಿತ್ತು. ಉತ್ತರಕ್ಕೆ ಕಾಯುತ್ತ ಕೂರುವ ಹೊತ್ತು ಅದಲ್ಲ. ಮೂವರೂ ಹಾಳೆಯ ಮೇಲೆ ಬಗ್ಗಿದರು.

ಉತ್ತರಕ್ಕೆ ಹದಿಮೂರು ಡಿಗ್ರಿ ಹದಿಮೂರು, ಒಂದು ಚುಕ್ಕೆ, ಆಮೇಲೆ ಮೂರು ಖಾಲಿ ಚೌಕ. ಪೂರ್ವಕ್ಕೆ ಎಪ್ಪತ್ತನಾಲ್ಕು ಡಿಗ್ರಿ ಐವತ್ತೆಂಟು, ಒಂದು ಚುಕ್ಕೆ, ಮತ್ತೆ ಮೂರು ಖಾಲಿ ಚೌಕ. ಸ್ಟ್ಯಾನಿಸ್ಲಾಸ್ ತನ್ನ ಮೆಶಿನ್ ನೋಡಿ, "ಕಾರ್ಕಳದ ಹತ್ತಿರ, ಕುಕ್ಕುಂದೂರಿನ ಸುತ್ತುಮುತ್ತು" ಎಂದ. "ಆದರೆ ಈ ಚೌಕ ತುಂಬದಿದ್ದರೆ ಒಂದೂಮುಕ್ಕಾಲು ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಗುಡ್ಡ, ಗದ್ದೆ, ಪೊದೆ ಎಲ್ಲ ಸೇರಿ. ನಾವು ಮೂರು ಜನ ಒಂದು ವಾರ ಹುಡುಕಬೇಕು ವೊನ್ನಿ" ಎಂದು ಅತ್ತಿಗೆಯ ಕಡೆ ನೋಡಿದ.

ಮೊದಲನೆಯ ಚೌಕಕ್ಕೆ ಕಾಪುವಿನ ಕಡಲ ಬದಿಯ ಹಳೇ ದೋಣಿ ಶೆಡ್ಡಿನ ಕಂಬಗಳ ಲೆಕ್ಕ. ಅದು ಸೆಲೀನಳಿಗೇ ಗೊತ್ತಿತ್ತು. ಹಿಂದಿನ ಭಾನುವಾರ ಅವನ ಜೊತೆ ಹೋಗಿ, ಮರಳಿನಲ್ಲಿ ಕೂತು ಕಡಲೆ ತಿಂದಿದ್ದಳು. ಅವನು ಶೆಡ್ಡಿಗೆ ಸುತ್ತು ಹಾಕಿ ಬಂದು ಅಂಗೈ ಅಗಲಿಸಿ ಐದು ಬೆರಳು ತೋರಿಸಿದ್ದ. ಎರಡನೆಯದಕ್ಕೆ ಮಣಿಪಾಲದ ಒಂದು ಪಾರ್ಕಿನಲ್ಲಿ ಕಣಿವೆಗೆ ಮುಖ ಮಾಡಿದ ಕಲ್ಲುಬೆಂಚುಗಳ ಲೆಕ್ಕ. ಸ್ಟ್ಯಾನಿಸ್ಲಾಸ್ ಓಮ್ನಿ ಓಡಿಸಿಕೊಂಡು ಹೋಗಿ ನಾಲ್ಕು ಎಂದು ಲೆಕ್ಕ ತಂದ. ಮೂರನೆಯದು ಮೊದಲೆರಡನ್ನು ಗುಣಿಸಿದರೆ ಬರುವ ಸಂಖ್ಯೆಯ ಕೊನೆಯ ಅಂಕಿ. ಐದು ನಾಲ್ಕಲಿ ಇಪ್ಪತ್ತು, ಸೊನ್ನೆ. ಐದು, ನಾಲ್ಕು, ಸೊನ್ನೆ.

ಉಳಿದ ಮೂರು ಚೌಕಕ್ಕೆ ಬರೇ ಮೂರು ಇಂಗ್ಲಿಷ್ ಅಕ್ಷರ: ಡಿ, ಎ, ಎಲ್. ಪಕ್ಕದಲ್ಲಿ, ಉತ್ತರ ನಿಮ್ಮ ಕಿಸೆಯಲ್ಲೇ ಇದೆ ಎಂಬ ಒಂದು ಸಾಲು. ಓದಿದರೆ ದಾಲ್! ತೊಗರಿಬೇಳೆಯೇ? ಬೇಳೆಯ ಅಂಗಡಿಯೇ? ಅಕ್ಷರಮಾಲೆಯಲ್ಲಿ ಎಷ್ಟನೆಯದು ಎಂದು ಎಣಿಸಿದರೆ ಎಲ್ ಹನ್ನೆರಡನೆಯದು, ಒಂದು ಚೌಕದಲ್ಲಿ ಹಿಡಿಯುವುದಿಲ್ಲ. ಒಂದು ಗಂಟೆ ಹೀಗೇ ಹೋಯಿತು. ಸೆಲೀನಳ ಕಣ್ಣು ಗೋಡೆಯ ಗಡಿಯಾರದ ಮೇಲೆ. ಮನುಷ್ಯ ಎಲ್ಲಿ ಬಿದ್ದಿದ್ದಾನೋ, ನೀರು ಕುಡಿದಿದ್ದಾನೋ ಇಲ್ಲವೋ, ಇಲ್ಲಿ ತಾನು ತೊಗರಿಬೇಳೆಯ ಅರ್ಥ ಹುಡುಕುತ್ತಿದ್ದೇನೆ ಎಂದು ಅವಳಿಗೆ ಅಳು ಬಂತು. ಅತ್ತೇಬಿಟ್ಟಳು.

ಭವ್ಯಶ್ರೀ, ಊಟಕ್ಕೆ ತಡವಾಗುತ್ತದೆ ಎಂದು ಮನೆಗೆ ಮೆಸೇಜು ಕುಟ್ಟುತ್ತಿದ್ದವಳು ಥಟ್ಟನೆ ನಿಂತಳು. "ಆಂಟಿ, ಕಿಸೆಯಲ್ಲಿ ಇರುವುದು ಮೊಬೈಲು ಅಲ್ವಾ? ಮೂರರ ಬಟನ್ನಿನಲ್ಲಿ ಡಿ. ಎರಡರದ್ದರಲ್ಲಿ ಎ. ಐದರದ್ದರಲ್ಲಿ ಎಲ್." ಮೂರು, ಎರಡು, ಐದು. ಸೆಲೀನ್ ಆ ಹುಡುಗಿಯ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುತ್ತು ಕೊಟ್ಟಳು.

ಹದಿಮೂರು ಡಿಗ್ರಿ, ಹದಿಮೂರು ಚುಕ್ಕೆ ಐನೂರ ನಲವತ್ತು. ಎಪ್ಪತ್ತನಾಲ್ಕು ಡಿಗ್ರಿ, ಐವತ್ತೆಂಟು ಚುಕ್ಕೆ ಮುನ್ನೂರ ಇಪ್ಪತ್ತೈದು. ಸ್ಟ್ಯಾನಿಸ್ಲಾಸ್ ಹಾಗೇ ಮೆಶಿನ್ನಿಗೆ ಒತ್ತಿದ. ಪೆರ್ಡೂರಿನ ದಾರಿ ಬೇಡ, ಸುತ್ತಾಗುತ್ತದೆ ಎಂದು ಹತ್ತಿರದ ರಸ್ತೆಯಲ್ಲೇ ಓಮ್ನಿಯನ್ನು ಕಿರುಚಿಸಿಕೊಂಡು ಹೋದ. ಹನ್ನೆರಡೂವರೆಗೆ ಅತ್ತಿಗೆ ಮೈದುನ ಇಬ್ಬರೂ ಕುಕ್ಕುಂದೂರಿನ ಆಚೆಯ ಒಂದು ಗುಡ್ಡದ ಬುಡದಲ್ಲಿದ್ದರು. ಎಲ್ಲೋ ಜಲ್ಲಿ ಕ್ರಷರ್ ಗಡಗಡ ಅನ್ನುತ್ತಿತ್ತು. ಬಾಣದ ಗುರುತು ತೋರಿಸಿದ ಕಡೆ ಹೋದರೆ ಒಂದು ದೊಡ್ಡ ಬಂಡೆ, ಬಂಡೆಯ ಸಂದಿಯಲ್ಲಿ ಕಲ್ಲುಚೂರು ಮುಚ್ಚಿದ ಒಂದು ಸ್ಟೀಲ್ ಡಬ್ಬಿ. "ಸಿಕ್ಕಿತು!" ಎಂದು ಸೆಲೀನ್ ಕೂಗಿದಳು. ಖುಷಿಯಿಂದಲೇ ಕೂಗಿದಳು. ಎರಡು ಗಂಟೆ ತಲೆ ಒಡೆದುಕೊಂಡು ಬಿಡಿಸಿದ ಲೆಕ್ಕ ಸರಿಯಾದಾಗ ಯಾರಿಗೆ ಖುಷಿಯಾಗುವುದಿಲ್ಲ? ಗಂಡನ ಹುಚ್ಚು ಎಂಥದ್ದೆಂದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು.

ಒಳಗಿನ ಪುಸ್ತಕ ಬಿಡಿಸಿದರು. ಎರಡೇ ಹೆಸರು, ಎರಡೂ ಹಳೆಯವು. ವಿಲ್ಫ್ರೆಡ್‌ನ ಹೆಸರಿಲ್ಲ.

ಹೆಸರು ಹಿಡಿದು ಕೂಗಿದರು. ಬಂಡೆಯ ಸುತ್ತ, ಪೊದೆಯ ಒಳಗೆ, ತೋಡಿನ ಬದಿಯಲ್ಲಿ ನೋಡಿದರು. ಕ್ರಷರಿನ ಸದ್ದಿನಲ್ಲಿ ಅವರವರ ದನಿ ಅವರವರಿಗೇ ಸರಿಯಾಗಿ ಕೇಳುತ್ತಿರಲಿಲ್ಲ. ಕೊನೆಗೆ ಸ್ಟ್ಯಾನಿಸ್ಲಾಸ್ ಬೆವರು ಒರೆಸಿಕೊಂಡು, "ಬಂದಿದ್ದರೆ ಅಣ್ಣ ಹೆಸರು ಬರೆಯದೆ ಹೋಗುತ್ತಿರಲಿಲ್ಲ. ಅವನು ಇಲ್ಲಿಗೆ ಬಂದೇ ಇಲ್ಲ ವೊನ್ನಿ. ದಾರಿಯಲ್ಲೇ ಏನೋ ಆಗಿದೆ" ಎಂದ. ಮಾತು ನ್ಯಾಯವಾಗಿತ್ತು. ಅಲ್ಲಿಂದ ಇಳಿದು ಕಾರ್ಕಳದ ಆಸ್ಪತ್ರೆಗಳನ್ನು ಸುತ್ತಿದರು, ಬಸ್‌ಸ್ಟ್ಯಾಂಡಿನಲ್ಲಿ ಫೋಟೋ ತೋರಿಸಿದರು. ಒಬ್ಬ ಕಂಡಕ್ಟರ್ ಮಾತ್ರ, ಭಾನುವಾರ ಇವರು ಕುಕ್ಕುಂದೂರಿನಲ್ಲಿ ಇಳಿದದ್ದು ಹೌದು ಎಂದ. ಇಳಿದವನು ಗಾಳಿಯಲ್ಲಿ ಕರಗಿದನೇ? ಸಂಜೆಯವರೆಗೆ ಅಲೆದು ಬರಿಗೈಯಲ್ಲಿ ಶಂಕರಪುರಕ್ಕೆ ಬಂದರು.

ಮಂಗಳವಾರ ಬೆಳಗಾಗುವಾಗ ಸೆಲೀನ್ ಜಗಲಿಯಲ್ಲಿದ್ದಳು. ಮಲ್ಲಿಗೆ ಕೊಯ್ಯುವ ಹೊತ್ತು. ಅವಳು ತೋಟದ ಕಡೆ ತಲೆಯೆತ್ತಲೂ ಇಲ್ಲ. ಸ್ಟ್ಯಾನಿಸ್ಲಾಸ್ ಹೊರಡಲೆಂದು ಆನ್ ಮಾಡಿ ಇಟ್ಟ ಮೆಶಿನ್ ಕಟ್ಟೆಯ ಮೇಲಿತ್ತು. ಅದರಲ್ಲಿ ಆ ಅಂಗಳದ ಅಂಕಿ ಕಾಣುತ್ತಿತ್ತು: ಹದಿಮೂರು, ಹದಿನಾರು ಚುಕ್ಕೆ ಇನ್ನೂರು. ಅವಳ ಕಣ್ಣು ಸುಮ್ಮನೆ ಗೋಡೆಯ ಕ್ಯಾಲೆಂಡರಿನ ಕಡೆ ಹೋಯಿತು. ತನ್ನ ಜಿಪಿಎಸ್ ತಂದ ದಿನ ವಿಲ್ಫ್ರೆಡ್ ಅದರ ಅಂಚಿನಲ್ಲಿ, 'ನಮ್ಮ ಅಂಗಳ' ಎಂದು ಬರೆದು, ಇದೇ ಜಾಗದ ಲೆಕ್ಕ ಇಳಿಸಿದ್ದ. ಹದಿಮೂರು, ಹದಿನಾರು, ಹನ್ನೆರಡು ಚುಕ್ಕೆ ಸೊನ್ನೆ.

"ಸ್ಟ್ಯಾನಿ, ಇಲ್ಲಿ ಬಾ. ಒಂದೇ ಅಂಗಳ. ಎರಡು ಲೆಕ್ಕ ಹೇಗೆ?"

ಅವನು ಬಂದು ನೋಡಿದ. "ಅಯ್ಯೋ ದೇವಾ" ಎಂದು ಕಟ್ಟೆಯ ಮೇಲೆ ಕುಸಿದ.

ವಿಷಯ ಹೀಗಿತ್ತು. ಕಡಲಿನವರು ಒಂದು ಮಿನಿಟನ್ನು ಸಾವಿರ ಪಾಲು ಮಾಡುತ್ತಾರೆ. ಆ ಡಬ್ಬಿ ಆಟದವರೂ ಹಾಗೆಯೇ. ಥಿಯೋಡೊಲೈಟಿನವರು ಒಂದು ಮಿನಿಟನ್ನು ಅರವತ್ತು ಸೆಕೆಂಡು ಮಾಡುತ್ತಾರೆ. ಇಪ್ಪತ್ತೆರಡು ವರ್ಷ ಡಿಗ್ರಿ, ಮಿನಿಟು, ಸೆಕೆಂಡು ಎಂದೇ ಬರೆದವನ ಕೈಗೆ ಬೇರೆ ಲೆಕ್ಕ ಬರುವುದಾದರೂ ಹೇಗೆ? ನೇರ ಡಬ್ಬಿಗಳ ಅಂಕಿಯನ್ನು ಸೈಬರಿನಿಂದಲೇ ಮೆಶಿನ್ನಿಗೆ ತುಂಬಿಸಿಕೊಡುತ್ತಿದ್ದರು, ಆಗ ತಪ್ಪಾಗಲಿಲ್ಲ. ಇದನ್ನು ಅವನೇ ಕೈಯಾರೆ ಒತ್ತಬೇಕಿತ್ತು. ಸೆಕೆಂಡಿನ ಲೆಕ್ಕಕ್ಕೂ ಅವನ ಮೆಶಿನ್ನಿನಲ್ಲಿ ಮೂರೇ ಅಂಕಿ; ಐನೂರ ನಲವತ್ತನ್ನು ಐವತ್ತನಾಲ್ಕು ಚುಕ್ಕೆ ಸೊನ್ನೆ ಸೆಕೆಂಡು ಎಂದು ಓದಿದ. ಮುನ್ನೂರ ಇಪ್ಪತ್ತೈದನ್ನು ಮೂವತ್ತೆರಡೂವರೆ ಸೆಕೆಂಡು ಎಂದು ಓದಿದ. ಕಾಪುವಿನಲ್ಲಿ ಒಂದೇ ಒಂದು ಕಂಬ ಹೆಚ್ಚಿದ್ದಿದ್ದರೆ ಅರವತ್ತನಾಲ್ಕು ಸೆಕೆಂಡು ಬರುತ್ತಿತ್ತು; ಅಂಥದ್ದು ಲೋಕದಲ್ಲೇ ಇಲ್ಲ, ಅವನು ಅಲ್ಲೇ ತಲೆ ಕೆರೆದುಕೊಂಡು ತಪ್ಪು ಹಿಡಿಯುತ್ತಿದ್ದ. ಆ ಹಾಳು ಶೆಡ್ಡಿಗೆ ಐದೇ ಕಂಬ.

"ಅಂದರೆ ಅವರು ಎಲ್ಲಿ?" ಎಂದು ಕೇಳಿದಳು ಸೆಲೀನ್.

ಸ್ಟ್ಯಾನಿಸ್ಲಾಸ್ ಮೆಶಿನ್ನಿನ ಲೆಕ್ಕವನ್ನು ಸೆಕೆಂಡಿಗೆ ಬದಲಿಸಿ ಅಣ್ಣನ ಹಾಗೆಯೇ ಒತ್ತಿದ. "ನಾವು ನಿನ್ನೆ ನಿಂತಿದ್ದ ಬಂಡೆಯಿಂದ ಮುಕ್ಕಾಲು ಕಿಲೋಮೀಟರ್. ಕ್ರಷರಿನ ಆಚೆ."

ಎಂಟು ಗಂಟೆಗೆ ಅಲ್ಲಿ ತಲುಪಿದರು. ಡಾಂಬರು ಮುಗಿದ ಮೇಲೆ ಕೆಂಪು ಮಣ್ಣಿನ ದಾರಿ, ದಾರಿಯ ಕೊನೆಗೆ ಒಂದು ತಗಡಿನ ಶೆಡ್ಡು. ಅಲ್ಲಿಂದ ಮುಂದೆ ಮಳೆಗಾಲದಲ್ಲಿ ಎದೆಯೆತ್ತರ ಬೆಳೆದ ಕಮ್ಯುನಿಸ್ಟ್ ಗಿಡದ ಕಳೆ. ಶೆಡ್ಡಿನ ಮುಂದೆ ನಾಲ್ಕು ಆಡು ಕಟ್ಟಿಕೊಂಡು ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಹೆಸರು ಸೋಮವ್ವ, ಬಾಗಲಕೋಟೆ ಕಡೆಯವಳು. ಗಂಡ ರೇವಪ್ಪ ಕಲ್ಲುಕೋರೆಯ ಕೆಲಸಗಾರ. ಇವರು ಗಿಡ ಸರಿಸಿಕೊಂಡು ಹೊರಟದ್ದು ನೋಡಿ ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಆ ಕಡಿ ಹೋಗಬ್ಯಾಡ್ರಿ ಅಕ್ಕಾರ! ಅಲ್ಲಿ ಹಳೇ ಕ್ವಾರಿ ಐತಿ. ಮದ್ದ ಹಾರಸ್ತಾರ."

"ಹಳೇ ಕೋರೆಯಲ್ಲಿ ಈಗ ಎಂತ ಮದ್ದು?" ಎಂದ ಸ್ಟ್ಯಾನಿಸ್ಲಾಸ್.

"ಬಂದ್ ಆಗಿತ್ರಿ. ಮತ್ತ ಕಳ್ಳತನದಾಗ ಚಾಲೂ ಮಾಡ್ಯಾರಂತ ಕಾಣ್ತದ. ಐತವಾರ ಮಧ್ಯಾಹ್ನದಿಂದ ಸೀಟಿ ಊದಾಕ ಹತ್ತಿದ್ರು. ಸೀಟಿ ಊದಿದ್ರ ದೂರ ಸರೀಬೇಕ್ರಿ, ಅದು ಕ್ವಾರಿ ಕಾನೂನು. ನಾ ಆಡು ಹೊಡಕೊಂಡು ಈ ಕಡಿ ಓಡಿ ಬಂದೆ."

ಸೆಲೀನಳ ಕಾಲು ನಿಂತವು. "ಮದ್ದು ಹಾರಿತಾ?"

"ಇಲ್ರಿ. ಅದಕ್ಕ ಮತ್ತೂ ಅಂಜಿಕಿ ಆತು. ಹಾರದಿರೋ ಮದ್ದು ಭಾಳ ಕೆಟ್ಟದ್ರಿ, ಯಾವಾಗ ಹಾರತದೋ ಹೇಳಾಕ ಬರೂದಿಲ್ಲ. ನಮ್ಮ ಮನಿಯವ್ರ ಎರಡು ಬಳ್ಳು ಅದ್ರಾಗ ಹೋಗ್ಯಾವ. ಸೀಟಿ ನಿಂದರಲೇ ಇಲ್ಲ. ರಾತ್ರೆಲ್ಲ ಬಿಟ್ಟು ಬಿಟ್ಟು ಊದಿದ್ರು. ನಮ್ಮ ಮನಿಯವ್ರೂ ಅಂದ್ರು, ಸೀಟಿ ನಿಲ್ಲೋಮಟ ಯಾರೂ ಆ ಕಡಿ ಹೆಜ್ಜಿ ಇಡಬ್ಯಾಡ್ರಿ ಅಂತ."

"ಯಾವಾಗ ನಿಂತಿತು?"

"ನಿನ್ನಿ ಮಧ್ಯಾಹ್ನ. ಕ್ರಷರ್ ಮಂದಿ ಬುತ್ತಿ ಬಿಚ್ಚೂ ಹೊತ್ತಿಗೆ. ಅದು ನಿಂತ ಮ್ಯಾಲ ಜೀವಕ್ಕ ಸಮಾಧಾನ ಆತ್ರಿ."

ಸೆಲೀನ್ ಮತ್ತೇನೂ ಕೇಳಲಿಲ್ಲ. ಗಿಡ ತುಳಿದುಕೊಂಡು ನಡೆದಳು. ಇನ್ನು ನಲವತ್ತು ಮೀಟರ್, ಮೂವತ್ತು ಮೀಟರ್ ಎಂದು ಸ್ಟ್ಯಾನಿಸ್ಲಾಸ್ ಹಿಂದಿನಿಂದ ಹೇಳುತ್ತಿದ್ದ. ಹದಿನೈದಕ್ಕೆ ಅವಳ ತೋಳು ಹಿಡಿದು ನಿಲ್ಲಿಸಿದ. ಮುಂದೆ ಗಿಡ ಇತ್ತು, ನೆಲ ಇರಲಿಲ್ಲ. ಮೆಶಿನ್ನಿನ ಬಾಣ ಮಾತ್ರ ಇನ್ನೂ ಮುಂದಕ್ಕೇ ತೋರಿಸುತ್ತಿತ್ತು. ಅದರ ಮೇಲೆ ಕಣ್ಣಿಟ್ಟು ನಡೆದವನಿಗೆ ಆ ಅಂಚು ಕಾಣುವುದು ಸಾಧ್ಯವೇ ಇರಲಿಲ್ಲ.

ಕೆಳಗೆ ಹಸಿರು ನೀರು. ನೀರಿನ ಮೇಲೆ ಒಂದು ಕಲ್ಲಿನ ಹಂತ, ಆ ಹಂತದ ಮೇಲೆ ವಿಲ್ಫ್ರೆಡ್ ಗೋಡೆಗೆ ಒರಗಿ ಕೂತ ಹಾಗಿದ್ದ. ಒಂದು ಕಾಲು ಬೇರೆಯವರದ್ದೋ ಎನ್ನುವ ಹಾಗೆ ತಿರುಗಿತ್ತು. "ವಿಲ್ಲೀ" ಎಂದು ಸೆಲೀನ್ ಕೂಗಿದಳು. ಇನ್ನೊಮ್ಮೆ ಕೂಗಿದಳು. ಅವನು ತಲೆ ಎತ್ತಲಿಲ್ಲ.

ಸೋಮವ್ವ ಓಡಿಹೋಗಿ ಗಂಡನನ್ನು ಕರೆತಂದಳು. ರೇವಪ್ಪ ಹಗ್ಗ ಕಟ್ಟಿ ಮೊದಲು ಇಳಿದ, ಸ್ಟ್ಯಾನಿಸ್ಲಾಸ್ ಹಿಂದಿನಿಂದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸ್ಟ್ಯಾನಿಸ್ಲಾಸ್ ಅಳುವುದು ಕೇಳಿತು. ಮೇಲೆ ಬಂದದ್ದು ರೇವಪ್ಪ ಒಬ್ಬನೇ. ಅವನು ಹೆಂಡತಿಯ ಕಡೆ ನೋಡಿ, "ಲಗೂನ ಒಂದು ಚೆಂಬು ನೀರು ತಾ" ಎಂದು ಅವಳನ್ನು ಶೆಡ್ಡಿಗೆ ಕಳಿಸಿದ. ಅವಳು ದೂರ ಹೋದ ಮೇಲೆ ಮೂರು ಬೆರಳಿನ ಕೈ ಬಿಡಿಸಿದ. ಅದರಲ್ಲಿ ಒಂದು ಸ್ಟೀಲಿನ ಸೀಟಿ, ಸರ್ವೆಯವರು ಮರಳುಗಾಡಿನಲ್ಲಿ ಒಬ್ಬರನ್ನೊಬ್ಬರು ಕರೆಯಲು ಇಟ್ಟುಕೊಳ್ಳುವಂಥದ್ದು.

"ಅವ್ರ ಬಾಯಾಗ ಇತ್ರಿ" ಎಂದ ರೇವಪ್ಪ. "ಐತವಾರ ಆಕಿ ಅಂದ್ಲು, ಇದು ಮದ್ದಿನ ಸೀಟಿ ಹಂಗಿಲ್ಲ, ಯಾರೋ ಕರದಂಗ ಕೇಳ್ತದ, ನೋಡಿ ಬರ್ಲೇನು ಅಂತ. ನಾನ ಬೈದು ಕೂಡ್ರಿಸಿದೆ. ಇದು ಆಕಿಗೆ ಗೊತ್ತಾದ್ರ ಉಳಿಯೂದಿಲ್ರಿ. ಆಕಿಗೆ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಸೆಲೀನಳಿಗೆ ಮೈಯೆಲ್ಲ ಉರಿಯಿತು. ಅರ್ಧ ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು ನನ್ನ ಗಂಡ ಕರೆದದ್ದನ್ನು ಕೇಳಿಸಿಕೊಂಡು ರೊಟ್ಟಿ ತಿಂದಿರಲ್ಲ ಎಂದು ಕಿರುಚಬೇಕು, ಆ ಕಾಲಿಗೆ ಬೀಳುವವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾಯಿ ತೆರೆದಳು ಕೂಡ. ಆಗ ನಿನ್ನೆಯ ಬುತ್ತಿ ಬಿಚ್ಚುವ ಹೊತ್ತು ನೆನಪಾಯಿತು. ಆ ಹೊತ್ತಿಗೆ ತಾನು ಮುಕ್ಕಾಲು ಕಿಲೋಮೀಟರ್ ಆಚೆ, ಸರಿಯಾದ ಬಂಡೆಯ ಹತ್ತಿರ, ಸರಿಯಾದ ಡಬ್ಬಿ ಹಿಡಿದು ಸಿಕ್ಕಿತು ಎಂದು ಕೂಗಿ ನಕ್ಕಿದ್ದಳು. ಸೀಟಿ ತೆಗೆದುಕೊಂಡು ಮುಷ್ಟಿ ಬಿಗಿದಳು.

ಸೋಮವ್ವ ಚೆಂಬು ತಂದಳು. ಬಗ್ಗಿ ಕೆಳಗೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು, ಸೆಲೀನಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕಾರ, ಆ ಸೀಟಿ... ನಿಮ್ಮ ಮನಿಯವ್ರು ಊದಿದ್ದೇನ್ರಿ?"

ರೇವಪ್ಪ ಉಸಿರು ಹಿಡಿದು ನಿಂತಿದ್ದ.

"ಅಲ್ಲಮ್ಮ" ಎಂದಳು ಸೆಲೀನ್. "ಅವರ ಹತ್ತಿರ ಸೀಟಿ ಇರಲಿಲ್ಲ. ಬಿದ್ದ ಕೂಡಲೇ ಜೀವ ಹೋಗಿರಬೇಕು."

"ಹಂಗಾದ್ರ ಅವ್ರಿಗೆ ತ್ರಾಸ ಆಗಿಲ್ಲ."

"ಇಲ್ಲ. ಆಗಿಲ್ಲ."

ಸೋಮವ್ವ ಕಣ್ಣು ಒರೆಸಿಕೊಂಡು ಚೆಂಬು ಮುಂದೆ ಹಿಡಿದಳು. ಸೆಲೀನ್ ಎಡಗೈಯಲ್ಲಿ ಅದನ್ನು ತೆಗೆದುಕೊಂಡು ನೀರು ಕುಡಿದಳು. ಬಲಗೈಯನ್ನು ಪೊಲೀಸರು ಬರುವವರೆಗೂ ಬಿಡಿಸಲಿಲ್ಲ.